ಉಡಿ ತುಂಬಲು ಕರೆದವರು

ಗುರೆಳ್ಳು ಹುರಿದ ವಾಸನೆ. ಕಾರಿನ ಹಿಂದಿನ ಬಾಗಿಲು ತೆಗೆದ ಕೂಡಲೇ ಬಂತು. ಒಂದು ಕಾಲು ಒಳಗೆ, ಇನ್ನೊಂದು ಇನ್ನೂ ನೆಲದ ಮೇಲೆ. ಭಾಗ್ಯಶ್ರೀ ಹಾಗೆಯೇ ನಿಂತಳು.

ಆಳಂದದ ಅಡುಗೆಮನೆಯಲ್ಲಿ ಅವ್ವ ಹಂಚಿನ ಮೇಲೆ ಗುರೆಳ್ಳು ಸುರಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಇದು ಕರಿ ಕಾಳು. ಹದಕ್ಕ ಬಂದ್ರೂ ಕರಿ, ಸುಟ್ಟರೂ ಕರಿ. ಕಣ್ಣಿಗಿ ತಿಳಿಯಂಗಿಲ್ಲ, ಮೂಗಿಗೇ ತಿಳೀಬೇಕು" ಎನ್ನುತ್ತಿದ್ದಳು. ಅವ್ವನ ಮೂಗು ಒಮ್ಮೆಯೂ ತಪ್ಪಿದ್ದಿಲ್ಲ. ಮಗಳಿಗೆ ಆ ಮೂಗು ಬರಲಿಲ್ಲ. ಡಿಗ್ರಿ ಬಂತು.

"ಹತ್ರಿ ಅಕ್ಕಾ, ಉಶೀರ ಆಗ್ತದ" ಎಂದಳು ಅಲಕಾ, ತಡವಾಯಿತೆಂಬಂತೆ ಮುಂದಿನ ಸೀಟಿನಿಂದ ತಿರುಗಿ.

"ಏನಿದು ವಾಸನಿ? ರೊಟ್ಟಿ ಜೋಡಿ ಗುರೆಳ್ಳ ಹಿಂಡಿ ಮಾಡೀಯೇನು?"

"ಗಮ್ಮತ್ ಅದ. ಮಧ್ಯಾಹ್ನಕ್ಕ ತಿಳೀತದ."

ಅಲಕಾಳ ಗಂಡ ಮಧುಕರ ದಿಬ್ಬಣದ ಬಸ್ಸಿನವನ ಹಾಗೆ ಉದ್ದಕ್ಕೆ ಹಾರ್ನ್ ಒತ್ತಿದ. ನಾಶಿಕ್ ರೋಡಿನ ಆ ಓಣಿಯಲ್ಲಿ ಹಾಲಿನವನೊಬ್ಬನೇ ತಿರುಗಿ ನೋಡಿದ. ಭಾಗ್ಯಶ್ರೀಗೆ ಅಷ್ಟು ಸಾಕಾಯಿತು. ಕೊನೆಗೂ ಅವಳನ್ನು ಕರೆದುಕೊಂಡು ಹೋಗಲು ಯಾರೋ ಗದ್ದಲ ಮಾಡುತ್ತಿದ್ದರು.

ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಎದುರು ಫ್ಲ್ಯಾಟಿನ ಮಧುರಾ ನಿಂತಿದ್ದಳು. ಕೈ ಬೀಸಿದಳು. ಭಾಗ್ಯಶ್ರೀಯೂ ಬೀಸಿದಳು, ಬಸ್ಸಿಗೆ ಬೀಸುವ ಹಾಗೆ.

ಈಗಷ್ಟೇ, ಬಾಗಿಲಿಗೆ ಬೀಗ ಹಾಕುವಾಗ, ಮಧುರಾ ಒಂದು ಡಬ್ಬಿ ಹಿಡಿದು ಬಂದಿದ್ದಳು. ಬಿಸಿ ಥಾಲೀಪೀಠ. "ತಾಈ, ದಾರಿಗೆ ಇರಲಿ" ಎಂದು ಮರಾಠಿಯಲ್ಲಿ ಹೇಳಿದ್ದಳು.

"ನಕೋ. ನಮ್ಮವರು ತರುತ್ತಾರೆ." ಆಮಚೀ ಮಾಣಸಂ. ನಮ್ಮ ಜನ. ಆ ಎರಡು ಮಾತನ್ನು ಭಾಗ್ಯಶ್ರೀ ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಹೇಳಿದ್ದಳು.

"ಎಲ್ಲಿಗೆ ಹೊರಟಿರಿ?"

"ಇಲ್ಲೇ. ಒಂದು ಕಾರ್ಯಕ್ರಮ."

"ಮುಟ್ಟಿದ ಮೇಲೆ ಫೋನ್ ಮಾಡಿ, ತಾಈ."

ಮಧುರಾ ಒಳ್ಳೆಯವಳೇ. ಕಳೆದ ಮಳೆಗಾಲದಲ್ಲಿ ಭಾಗ್ಯಶ್ರೀಗೆ ಜ್ವರ ಬಂದಾಗ ಗಂಜಿಯ ಪಾತ್ರೆಯನ್ನು ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ಎದುರು ನಿಂತು ಮಾತಾಡುವ ಮುಜುಗರ ಬೇಡವೆಂದು ತನ್ನ ಮನೆಯೊಳಗೆ ಹೋಗಿಬಿಡುತ್ತಿದ್ದಳು. ಚಿಲಕಕ್ಕೆ ಕರಿಬೇವಿನ ಎಸಳು ಸಿಕ್ಕಿಸಿ ಹೋಗುತ್ತಿದ್ದಳು. ಭಾಗ್ಯಶ್ರೀ ಪಾತ್ರೆ ತೊಳೆದು, ಖಾಲಿ ಕೊಡಬಾರದೆಂದು ಸಕ್ಕರೆ ಹಾಕಿ, ಹಿಂದಿರುಗಿಸುತ್ತಿದ್ದಳು. ಸಕ್ಕರೆ ಕೊಟ್ಟ ಮೇಲೆ ಮಾತು ಮುಗಿಯುತ್ತಿತ್ತು. ಮರಾಠಿಯಲ್ಲಿ ತರಕಾರಿ ಕೊಳ್ಳಬಹುದು, ಕಚೇರಿ ನಡೆಸಬಹುದು. ಅವ್ವ ಹೋದದ್ದನ್ನು ಹೇಗೆ ಹೇಳುವುದು?

ಕಾರು ಹೊರಟಿತು.

ಅಲಕಾ ಹಿಂದೆ ತಿರುಗಿ ಅವಳ ಕೊರಳು ನೋಡಿದಳು, ಆಮೇಲೆ ಕೈ. ಅವ್ವನ ಚಿನ್ನದ ಬೋರಮಾಳ ಸರ, ಅವ್ವನ ಪಾಟಲಿ ಬಳೆ. ನಿನ್ನೆಯಷ್ಟೇ ಬ್ಯಾಂಕಿನ ಲಾಕರಿನಿಂದ ಹೊರಗೆ ಬಂದಿದ್ದವು.

"ಮಸ್ತ್ ಕಾಣ್ತದ, ಅಕ್ಕಾ. ಸೆರಗು ಹೊದ್ಕೊಳ್ರಿ. ದಾರ್ಯಾಗ ಜನ ಹ್ಯಾಂಗಿರ್ತಾರೋ."

ಭಾಗ್ಯಶ್ರೀ ಸೆರಗು ಹೊದ್ದುಕೊಂಡಳು. ಅವ್ವ ಹೋದ ಮೇಲೆ ಅವಳ ಸೆರಗಿನ ಬಗ್ಗೆ ಯಾರೂ ಮಾತಾಡಿರಲಿಲ್ಲ.

ಅಲಕಾ ಸಿಕ್ಕಿದ್ದು ಕಿರಾಣಿ ಅಂಗಡಿಯಲ್ಲಿ. ಅಂದು ಭಾಗ್ಯಶ್ರೀ, ಮರಾಠಿಯ ಹೆಸರು ಮರೆತುಹೋಗಿ, "ಗುರೆಳ್ಳು... ಗುರೆಳ್ಳು..." ಎಂದು ಅಂಗಡಿಯವನ ಮುಂದೆ ಬೆರಳಿನಲ್ಲಿ ಕಾಳಿನಷ್ಟು ತೋರಿಸುತ್ತ ನಿಂತಿದ್ದಳು. ಹಿಂದಿನಿಂದ ಯಾರೋ ನಕ್ಕರು. "ಕಾರಳೆ ಬೇಕು ಅವರಿಗೆ" ಎಂದು ಮರಾಠಿಯಲ್ಲಿ ಅಂಗಡಿಯವನಿಗೆ ಹೇಳಿ, ಅವಳ ಕಡೆ ತಿರುಗಿ, "ಹೌದಲ್ರಿ ಅಕ್ಕಾ?" ಎಂದರು.

ಅಕ್ಕಾ. ನಾಶಿಕ್‌ಗೆ ವರ್ಗವಾಗಿ ಬಂದ ಎರಡು ವರ್ಷದಿಂದ ಅವಳು ಮ್ಯಾಡಂ ಆಗಿದ್ದಳು, ತಾಈ ಆಗಿದ್ದಳು. ಅಂಗಡಿಯವನು ಗುರೆಳ್ಳು ಕಟ್ಟಿಕೊಡುವಷ್ಟರಲ್ಲಿ ಅವಳು ಅಲಕಾಳನ್ನು ಚಹಾಕ್ಕೆ ಕರೆದಾಗಿತ್ತು.

ಅಲಕಾಗೆ ಕನ್ನಡ ತಿಳಿಯುತ್ತಿತ್ತು, ಆಡುವಾಗ ನಡುನಡುವೆ ಮರಾಠಿ ನುಸುಳುತ್ತಿತ್ತು. "ಇಲ್ಲೇ ಬೆಳೆದವರು ರಿ, ಬಾಯಿ ತಿರುಗಂಗಿಲ್ಲ" ಎಂದಿದ್ದಳು. ಭಾಗ್ಯಶ್ರೀಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ವರ್ಗವಾಗಿ ಬಂದ ನಮ್ಮವರ ಮಕ್ಕಳೆಲ್ಲ ಹಾಗೆಯೇ. ಅಜ್ಜಿ ಬೈದರೆ ಅರ್ಥವಾಗುತ್ತದೆ, ತಿರುಗಿ ಬೈಯಲು ಮರಾಠಿ ಬೇಕು.

ಅಂದು ಸಂಜೆ ಚಹಾ ಕುಡಿಯುತ್ತ ಭಾಗ್ಯಶ್ರೀ ಸಂಬಂಧ ಹಚ್ಚಲು ಕುಳಿತಳು. ನಮ್ಮ ಕಡೆ ಇದಿಲ್ಲದೆ ಪರಿಚಯ ಪರಿಚಯವೇ ಅಲ್ಲ.

"ಊರು ಯಾವುದವ್ವ ನಿಮ್ಮದು?"

"ಬೀದರ ಕಡೆ ರಿ. ಅಜ್ಜೀದು."

"ಬೀದರ ಕಡೆ ಅಂದ್ರ? ಭಾಲ್ಕಿ ತಾಲೂಕಾ?"

"ಹೂನ್ರಿ, ಭಾಲ್ಕಿ."

"ಭಾಲ್ಕಿ ತಾಲೂಕಿನಾಗ ಬಸವನವಾಡಿ ಅಲ್ಲ ಮತ್ತ?"

"ಅಯ್ಯ! ಬಸವನವಾಡೀನೇ. ನಿಮಗ ಹ್ಯಾಂಗ ಗೊತ್ತು?"

"ನಮ್ಮ ಅವ್ವನ ಅಕ್ಕನ ಕೊಟ್ಟ ಊರು! ಅಲ್ಲಿ ಪಾಟೀಲರ ಓಣ್ಯಾಗ ಒಬ್ಬಾಕಿ ಸಾವಿತ್ರಿಬಾಯಿ ಅಂತ, ಭಾಳ ದೊಡ್ಡ ಕೈ, ಹೋದವರಿಗೆಲ್ಲಾ ಊಟಾ—"

"ನಮ್ಮ ಅಜ್ಜೀನೇ ರಿ ಅಕಿ!"

ಭಾಗ್ಯಶ್ರೀ ತೊಡೆ ತಟ್ಟಿಕೊಂಡು ನಕ್ಕಿದ್ದಳು. ಚಹಾ ಆರಿ ಕೆನೆಗಟ್ಟಿತ್ತು. ಅಲಕಾ ವರಸೆಯಲ್ಲಿ ತಂಗಿ ಎಂದು ತೀರ್ಮಾನವಾಯಿತು. ಮಧುಕರ, ಅಲಕಾ ಎಂಬ ಹೆಸರುಗಳು ಮರಾಠಿಯವಲ್ಲವೇ ಎಂದು ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಭಾಗ್ಯಶ್ರೀ, "ಬೀದರ ಕಡೆ ಇಂಥಾ ಹೆಸರು ಇರ್ತಾವ ಬಿಡ್ರಿ" ಎಂದು ತಾನೇ ಉತ್ತರ ಹೇಳಿದ್ದಳು.

ಆಮೇಲೆ ಪ್ರತಿ ಭಾನುವಾರ, ಮಧುಕರನೂ ಜೊತೆಗೆ. ಅವಳು ಕಚೇರಿಯ ಕಥೆ ಹೇಳುತ್ತಿದ್ದಳು, ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ಅವಳದು ಕೇಂದ್ರ ಸರ್ಕಾರದ ಸಮೀಕ್ಷೆಯ ಕಚೇರಿ. ಮನೆ ಮನೆಗೆ ಹೋಗಿ, ಕಳೆದ ತಿಂಗಳು ಜೋಳ ಎಷ್ಟು ತಿಂದಿರಿ, ಮೊಟ್ಟೆ ಎಷ್ಟು, ಚಪ್ಪಲಿ ಎಷ್ಟು ಎಂದು ಕೇಳುವ ಕೆಲಸ.

"ಅಕ್ಕಾ, ಮೊಟ್ಟಿ ತಿಂದವರು ಖರೇ ಹೇಳ್ತಾರೇನ್ರಿ?" ಎಂದು ಮಧುಕರ ಕೇಳಿದ್ದ.

"ಜೋರಾಗಿ ಕೇಳಿದ್ರ ಇಲ್ಲ ಅಂತಾರ. ಅತ್ತಿ ಹೊರಗ ಹೋದ ಮ್ಯಾಲ ಕೇಳಿದ್ರ ಡಜನ್ ಅಂತಾರ."

ಹೀಗೆ ನಗುತ್ತಿರುವಾಗಲೇ ಒಂದು ಭಾನುವಾರ ಅಲಕಾ ಆ ಮಾತು ಹೇಳಿದ್ದು. ಸಂಭಾಜಿನಗರದಲ್ಲಿ—ಔರಂಗಾಬಾದನ್ನು ಅವಳು ಹಾಗೆಯೇ ಕರೆಯುತ್ತಿದ್ದಳು—ಅಣ್ಣನ ಮಗಳು ರುಚಿತಾ ಬಸುರಿ. ಕುಬಸದ ಕಾರ್ಯ. "ಮನಿಗಿ ಹಿರ್ಯಾಕಿ ಯಾರೂ ಇಲ್ಲ ಅಕ್ಕಾ. ನೀವೇ ಬಂದು ಉಡಿ ತುಂಬಬೇಕು."

ಭಾಗ್ಯಶ್ರೀ ಚಹಾದ ಬಸಿ ಕೆಳಗಿಟ್ಟಳು. "ನಾ ಹ್ಯಾಂಗ ತುಂಬಲಿ? ಮುತ್ತೈದೇರು ತುಂಬಬೇಕು."

"ನಾವು ಅದೆಲ್ಲಾ ಮಾನಂಗಿಲ್ಲ. ನೀವು ಹಿರ್ಯಾರು, ಅಷ್ಟೇ. ಅಜ್ಜೀ ಇದ್ದಿದ್ರ ಅಕಿ ತುಂಬ್ತಿದ್ಳು."

ಮದುವೆಯಾಗದ ಹೆಣ್ಣಿಗೆ ಇಂಥ ಕಾರ್ಯಗಳಲ್ಲಿ ಒಂದು ಜಾಗವಿದೆ: ಅಡುಗೆಮನೆಗೂ ಪಡಸಾಲೆಗೂ ನಡುವಿನ ಹೊಸ್ತಿಲು. ತಂಗಿಯರ ಕುಬಸದಲ್ಲಿ, ಅವರ ಮಕ್ಕಳ ಕುಬಸದಲ್ಲಿ ಅವಳು ಆ ಹೊಸ್ತಿಲಲ್ಲಿ ನಿಂತು ತಟ್ಟೆ ಒದಗಿಸಿದ್ದಳು. ಯಾರೂ ಒಂದು ಮಾತೂ ನೋಯಿಸಿ ಆಡಿರಲಿಲ್ಲ. ಅವಳ ಕೈಯಿಂದ ತಟ್ಟೆಯನ್ನು ನಯವಾಗಿ ಇಸಿದುಕೊಂಡು ಒಳಗೆ ಹೋಗುತ್ತಿದ್ದರು, ಅಷ್ಟೇ.

ಅಲಕಾ ಅಲ್ಲಿಯೇ ರುಚಿತಾಗೆ ಫೋನು ಹಚ್ಚಿ ಕೊಟ್ಟಳು. "ಅತ್ತೀ, ಬರ್ರಿ" ಎಂದಿತು ಒಂದು ಎಳೆಯ ದನಿ. ನಗು. ಕಟ್ಟಾಯಿತು. "ಚಿನ್ನಾ ಹಾಕೊಂಡು ಬರ್ರಿ ಅಕ್ಕಾ" ಎಂದಳು ಅಲಕಾ. "ಬೀಗರ ಮುಂದ ನಮ್ಮ ಕಡೇವರೂ ಕಾಣಬೇಕಲ್ಲ."

ಈಗ ಕಾರಿನ ಹಿಂದಿನ ಸೀಟಿನಲ್ಲಿ ಅವಳ ಪಕ್ಕಕ್ಕೆ ಒಂದು ಚೀಲವಿತ್ತು: ಹಸಿರು ಇಳಕಲ್ ಸೀರೆ, ಕುಬಸದ ಬಟ್ಟೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು. ಕಾರು ಕುಲುಕಿದಾಗೆಲ್ಲ ಅದಕ್ಕೆ ಕೈ ಅಡ್ಡ ಹಿಡಿಯುತ್ತಿದ್ದಳು, ಮಗುವಿಗೆ ಹಿಡಿಯುವ ಹಾಗೆ.

ನಿಫಾಡ ದಾಟುವಾಗ ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ. ಮಧುಕರ ಯಾವುದೋ ಹಾಡು ಗುನುಗುತ್ತಿದ್ದ. ಯೇವಲಾದಲ್ಲಿ ಚಹಾಕ್ಕೆ ನಿಲ್ಲಿಸಿದರು. ಮಧುಕರ ಬಿಸಿ ಭಜಿಯ ತಟ್ಟೆ ಹಿಡಿದುಕೊಂಡು, ಒಂದರ ಮೇಲೊಂದು ಬಾಯಿಗೆ ಹಾಕಿಕೊಂಡು, ನಾಲಿಗೆ ಸುಟ್ಟುಕೊಂಡು ಕುಣಿದ.

"ಸಾವಕಾಶ ತಿನ್ರಿ, ಯಾರೂ ಕಸಗೊಳ್ಳಂಗಿಲ್ಲ" ಎಂದಳು ಭಾಗ್ಯಶ್ರೀ.

"ಅಕ್ಕಾ, ನೀವು ತಿನ್ರಿ."

"ಬ್ಯಾಡ. ಹೊಟ್ಟಿ ಖಾಲಿ ಇಟ್ಕೊಂಡೀನಿ. ಗುರೆಳ್ಳ ಹಿಂಡಿಗೆ."

ಅಲಕಾ ಅವಳ ತೋಳು ಒತ್ತಿದಳು. "ಹೌದು. ಹಾಂಗೇ ಇರ್ರಿ."

ಚಹಾದವನು ಹಣ ತೆಗೆದುಕೊಳ್ಳುವಾಗ ಭಾಗ್ಯಶ್ರೀಯ ಕಪ್ಪಿನಲ್ಲಿ ಕೆನೆ ಬಿದ್ದಿದೆಯೆಂದು ಗಮನಿಸಿ, ಕೇಳದೆಯೇ ಬೇರೆ ಚಹಾ ಕೊಟ್ಟ. ಲೋಕದಲ್ಲಿ ಒಳ್ಳೆಯವರು ಎಷ್ಟು ಜನ ಎಂದು ಅವಳಿಗೆ ಅಂದು ಬೆಳಿಗ್ಗೆ ಅನ್ನಿಸುತ್ತಲೇ ಇತ್ತು.

ವೈಜಾಪುರ ದಾಟಿದ ಮೇಲೆ ರಸ್ತೆ ನೇರವಾಯಿತು. ಹತ್ತಿ ಬಿಡಿಸುವ ಕಾಲ. ಹೊಲದ ಬದುವಿನಲ್ಲಿ ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು. ಅಲಕಾ ಸೀಟಿನ ಮೇಲೆ ಮಂಡಿಯೂರಿ ಪೂರ್ತಿ ಹಿಂದೆ ತಿರುಗಿದಳು, ಶಾಲೆಯ ಪ್ರವಾಸಕ್ಕೆ ಹೊರಟ ಹುಡುಗಿಯಂತೆ.

"ಅಕ್ಕಾ, ಅಜ್ಜೀ ಮನೀ ಮುಂದಿನ ಹುಣಸಿ ಗಿಡ! ನಾ ಅದರ ಮ್ಯಾಲಿಂದ ಬಿದ್ದಿದ್ದೆ, ಹೇಳೀನೇನು? ಇಲ್ಲಿ ನೋಡ್ರಿ." ಮೊಣಕೈ ತೋರಿಸಿದಳು. ಹಳೆಯ ಗಾಯದ ಗುರುತು, ಬಿಳಿಯಾಗಿ.

"ಅಯ್ಯ ನನ್ನವ್ವ! ಕಟ್ಟಿ ಮ್ಯಾಲ ಬಿದ್ದೀ?"

"ಕಟ್ಟಿ ಮ್ಯಾಲೇ."

"ಕಟ್ಟಿ ಮ್ಯಾಲ ಹಣಮಪ್ಪನ ಕಲ್ಲಿತ್ತಲ್ಲ?"

"ಹೌದ್ರಿ! ಹಣಮಪ್ಪನೇ ಉಳಿಸಿದ."

ಮೂವರೂ ನಕ್ಕರು. ಭಾಗ್ಯಶ್ರೀ ಕಣ್ಣೊರೆಸಿಕೊಂಡು ಆ ಗಿಡವನ್ನು ನೆನೆದಳು. ದಪ್ಪ ಬೊಡ್ಡೆ, ಸುತ್ತ ಕಲ್ಲುಕಟ್ಟೆ, ಕುಂಕುಮ ಮೆತ್ತಿದ ಹಣಮಪ್ಪ. ಕೆಳಗಿನ ಟೊಂಗೆಗೆ ತಂತಿಯಲ್ಲಿ ಕಟ್ಟಿದ ರೈಲು ಹಳಿಯ ತುಂಡು. ಸಿಪಾಯಿ ಸುತ್ತಿಗೆಯಿಂದ ಅದನ್ನು ಹೊಡೆದರೆ ಎಲ್ಲರೂ ಪಾಟಿ ಚೀಲ ಎತ್ತಿಕೊಂಡು ಓಡುತ್ತಿದ್ದರು.

ನಗು ಬಾಯಲ್ಲೇ ನಿಂತಿತು.

ಅದು ಶಾಲೆಯ ಗಂಟೆ. ಆ ಗಿಡ ಆಳಂದದ ಶಾಲೆಯ ಅಂಗಳದ್ದು. ಬಸವನವಾಡಿಗೆ ಅವಳು ಹೋಗಿದ್ದು ಜೀವನದಲ್ಲಿ ಒಂದೇ ಸಲ, ಮದುವೆಯೊಂದಕ್ಕೆ, ಕತ್ತಲಲ್ಲಿ, ಅವ್ವನ ಹೆಗಲ ಮೇಲೆ ನಿದ್ದೆ ಮಾಡುತ್ತ. ಸಾವಿತ್ರಿಬಾಯಿಯ ಮನೆಯ ಮುಂದೆ ಏನಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಯಾವುದೋ ಭಾನುವಾರ, ಮಾತಿನ ಭರದಲ್ಲಿ, ಅಲ್ಲಿ ಒಂದು ಗಿಡ ಇರಲಿ ಎಂದು ತನ್ನ ಗಿಡವನ್ನು ಅವಳೇ ಅಲಕಾಗೆ ಕೊಟ್ಟಿದ್ದಳು.

ಅಲಕಾ ಅದನ್ನು ಹತ್ತಿ, ಬಿದ್ದು, ಗಾಯ ಮಾಡಿಕೊಂಡು ಬಂದಿದ್ದಳು.

ಗಾಯ ಮಾತ್ರ ನಿಜವಾದದ್ದು. ಎಲ್ಲಿ ಬಿದ್ದಿದ್ದಳೋ, ಪಾಪ. ಭಾಗ್ಯಶ್ರೀಗೆ ಮೊದಲು ಅನ್ನಿಸಿದ್ದು ಅದೇ. ಹೆದರಿಕೆ ಅದರ ಹಿಂದೆ, ನಿಧಾನವಾಗಿ, ಚಪ್ಪಲಿ ಬಿಟ್ಟು ಒಳಗೆ ಬರುವ ನೆಂಟನ ಹಾಗೆ ಬಂತು.

ನಿನ್ನೆ ಕಚೇರಿಯಲ್ಲಿ ಹೊಸ ಹುಡುಗ ಹುಡುಗಿಯರಿಗೆ ಅವಳೇ ತರಬೇತಿ ಕೊಟ್ಟಿದ್ದಳು. ಪ್ರಶ್ನೆ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಮೌನಕ್ಕೆ ಹೆದರುವವರು ಉತ್ತರ ಕೊಡುವವರಲ್ಲ, ಕೇಳುವವರು. ಹೆದರಿ, ಜೋಳ ತಿಂದಿರಾ, ನಾಲ್ಕು ಕಿಲೋ ಇರಬಹುದಾ ಎಂದು ತಾವೇ ಉತ್ತರವನ್ನು ಮನೆಯವರ ಬಾಯಿಗೆ ಹಾಕುತ್ತಾರೆ. ಅವರು ಹೌದು ಎನ್ನುತ್ತಾರೆ. ಹೌದು ಎನ್ನುವುದು ಮರ್ಯಾದೆ. ಕೊನೆಗೆ ದೆಹಲಿಗೆ ಹೋಗುವುದು ಅವರ ಮನೆಯ ಸಂಗತಿಯಲ್ಲ, ನಿಮ್ಮ ಮನೆಯದು.

ಹುಡುಗರು ನಕ್ಕಿದ್ದರು. ಅವಳು ಚೆನ್ನಾಗಿ ಪಾಠ ಹೇಳುತ್ತಾಳೆಂದು ಹೆಸರಿತ್ತು.

ಅವಳು ಗಂಟಲು ಸರಿಮಾಡಿಕೊಂಡಳು. ದನಿ ಹಗುರವಾಗಿರುವಂತೆ ನೋಡಿಕೊಂಡಳು.

"ಅಲಕಾ, ನಿಮ್ಮ ಅಜ್ಜೀ ತವರುಮನಿ ಯಾವುದು?"

ಕೇಳಿ, ಬಾಯಿ ಮುಚ್ಚಿಕೊಂಡಳು.

ಹತ್ತಿಯ ಹೊಲಗಳು ಹಿಂದೆ ಸರಿದವು. ಮಧುಕರನ ಗುನುಗು ನಿಂತಿತ್ತು. ಮುಂದಿನ ಕನ್ನಡಿಯಲ್ಲಿ ಅವನ ಕಣ್ಣು ಒಮ್ಮೆ ಅವಳನ್ನು ನೋಡಿ ರಸ್ತೆಗೆ ಮರಳಿತು. ಭಾಗ್ಯಶ್ರೀಗೆ ನಾಲಿಗೆ ತುರಿಸಿತು. ಹುಮನಾಬಾದಾ? ಬಸವಕಲ್ಯಾಣ ಅಲ್ಲ ಮತ್ತ? ಒಂದು ಊರಿನ ಹೆಸರು ಸಾಕು, ಈ ಕಾರಿನೊಳಗೆ ಮತ್ತೆ ಎಲ್ಲರೂ ನಗಬಹುದು. ಅವಳು ತುಟಿ ಕಚ್ಚಿಕೊಂಡಳು.

ಅಲಕಾ ಮುಗುಳ್ನಕ್ಕಳು. ಆ ನಗು ಬಹಳ ಮೆತ್ತಗಿತ್ತು, ಕೋಪವೇ ಇರಲಿಲ್ಲ.

"ಅದನ್ನ ನೀವು ಇನ್ನಾ ಹೇಳಿಲ್ಲ, ಅಕ್ಕಾ."

ಭಾಗ್ಯಶ್ರೀಯ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಮಧುರಾ.

"ತಾಈ, ಮುಟ್ಟಿದಿರಾ?"

"ಇಲ್ಲ. ದಾರಿಯಲ್ಲಿದ್ದೇನೆ."

"ಯಾವ ದಾರಿ? ನೀವು ಎಲ್ಲಿಗೆ ಅಂತಲೇ ಹೇಳಲಿಲ್ಲ."

ಅಲಕಾ ಇನ್ನೂ ಹಿಂದೆ ತಿರುಗಿಯೇ ಕುಳಿತಿದ್ದಳು, ಗದ್ದವನ್ನು ಸೀಟಿನ ಬೆನ್ನಿನ ಮೇಲಿಟ್ಟು. ಔರಂಗಾಬಾದ್ ಎಂದರೆ ಏನು ಕಾರ್ಯಕ್ರಮ ಎಂದು ಮಧುರಾ ಕೇಳುತ್ತಾಳೆ. ಉಡಿ ತುಂಬಲು ಎಂದರೆ, ನೀವಾ ಎಂದು ಕೇಳುವುದಿಲ್ಲ, ಒಳ್ಳೆಯವಳು. ಒಂದು ಕ್ಷಣ ಸುಮ್ಮನಾಗುತ್ತಾಳೆ. ಆ ಒಂದು ಕ್ಷಣ ಭಾಗ್ಯಶ್ರೀಗೆ ಬೇಡವಾಗಿತ್ತು.

"ಆಮೇಲೆ ಮಾಡ್ತೀನಿ, ಮಧುರಾ."

"ರಾತ್ರಿಯಾದರೂ ನಾನು ಎಚ್ಚರ ಇರ್ತೀನಿ, ಯಾವಾಗ ಬೇಕಾದರೂ ಮಾಡಿ."

ಅಲಕಾ ಕೈ ಚಾಚಿದಳು. "ಬ್ಯಾಟರಿ ಕಮ್ಮಿ ಇರ್ಬೇಕಲ್ಲ? ಕೊಡ್ರಿ, ಚಾರ್ಜ್ ಹಚ್ತೀನಿ."

ಬ್ಯಾಟರಿ ಕಡಿಮೆಯೇ ಇತ್ತು. ಭಾಗ್ಯಶ್ರೀ ಫೋನು ಕೊಟ್ಟಳು. ಕೊಡದಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಶರಣಾಪುರದ ಫಾಟಾದಲ್ಲಿ, ರಸ್ತೆ ಒಡೆಯುವಲ್ಲಿ, ಔರಂಗಾಬಾದಿನ ಬಾಣ ಬಲಕ್ಕೆ ತೋರಿಸುತ್ತಿತ್ತು. ಕಾರು ಎಡಕ್ಕೆ ಹೊರಳಿತು.

"ಊರು ಆ ಕಡೆ ಅಲ್ಲೇನು?"

"ಹಿಂಗಽ ಖುಲ್ತಾಬಾದಿಗೆ ಹೋಗಿ ಬರೋಣ್ರಿ" ಎಂದ ಮಧುಕರ. "ಶನಿವಾರ ಅದ. ಭದ್ರಾಮಾರುತಿ ದರ್ಶನ. ಕಾರ್ಯ ಸಂಜೀಗದ, ಟೈಮ್ ಭಾಳ ಅದ."

"ರುಚಿತಾ ಕಾಯ್ತಿರ್ಬೇಕು."

"ಕಾಯ್ತಾಳ" ಎಂದಳು ಅಲಕಾ.

ದೌಲತಾಬಾದಿನ ಕೋಟೆ ಎದುರಿಗೆ ಎದ್ದು ನಿಂತಿತು, ಬೆಟ್ಟವನ್ನು ಯಾರೋ ಚಾಕುವಿನಿಂದ ಸವರಿದ ಹಾಗೆ. ಮಧುಕರನಿಗೆ ಮಾತಿನ ಹುರುಪು ತಿರುಗಿ ಬಂತು. "ಅಕ್ಕಾ, ನಿಮ್ಮ ಟ್ರಾನ್ಸ್‌ಫರ್ ಆರ್ಡರ್ ಇಲ್ಲಿಂದಽ ಸುರು ಆಗಿದ್ದು. ತುಘಲಕ್ ಸಾಹೇಬ್ರು ಇಡೀ ದಿಲ್ಲೀನೇ ಇಲ್ಲಿಗೆ ಟ್ರಾನ್ಸ್‌ಫರ್ ಮಾಡಿದ್ರು. ಟಿ.ಎ. ಕೊಟ್ರೋ ಇಲ್ಲೋ!"

ಭಾಗ್ಯಶ್ರೀ ನಕ್ಕಳು. ನಗು ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ತಮಾಷೆ ನಿಜಕ್ಕೂ ಚೆನ್ನಾಗಿತ್ತು.

"ಕಿಲ್ಲೇದಾಗ ಒಂದು ಅಂಧೇರಿ ಅದ, ನೋಡೀರೇನು? ಕತ್ತಲ ದಾರಿ. ವೈರಿ ಒಳಗ ಬಂದು ದಾರಿ ಕಾಣದಽ ತಿರುಗ್ತಾ ಇರ್ತಾನ. ಒಂದು ಕಡೆ ಬೆಳಕು ಕಾಣ್ತದ. ಅಬ್ಬಾ ಅಂತ ಆ ಕಡೆ ಹೋದ, ಅಂದ್ರ ಸೀದಾ ಕಂದಕಕ್ಕ!"

"ಬಿಡ್ರಿ ನಿಮ್ಮ ಮಾತು" ಎಂದು ಅಲಕಾ ಗಂಡನ ಭುಜಕ್ಕೆ ಹೊಡೆದಳು. "ಅಕ್ಕಾಗ ಹೆದರಿಕಿ ಆಗ್ತದ."

ಕೋಟೆಯ ಬಾಗಿಲಾಚೆ ನೀರಿನ ಬಾಟಲಿ ಕೊಳ್ಳಲು ಮಧುಕರ ಕಾರು ನಿಲ್ಲಿಸಿದ. ಭಾಗ್ಯಶ್ರೀ ಸೀತಾಫಲ ನೋಡುತ್ತೇನೆಂದು ಇಳಿದಳು. ಕೈಚೀಲ ಹೆಗಲಲ್ಲಿತ್ತು. ಉಡಿಯ ಚೀಲ ಸೀಟಿನ ಮೇಲಿತ್ತು.

ಬುಟ್ಟಿಯ ಮುಂದೆ ಕುಳಿತ ಮುದುಕಿ ಒಂದೊಂದೇ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಆರಿಸಿದಳು. ಕೊನೆಗೆ ಪೂರ್ತಿ ಕಳಿತ ಒಂದನ್ನು ಬೇರೆಯಾಗಿ ಅವಳ ಅಂಗೈಯಲ್ಲಿಟ್ಟು, "ಇದು ಈಗಲೇ ತಿನ್ನು ತಾಯಿ, ಮನೆತನಕ ಉಳಿಯುವುದಿಲ್ಲ" ಎಂದಳು ಮರಾಠಿಯಲ್ಲಿ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆಗಲೇ ಖುಲ್ತಾಬಾದ್ ಕಡೆಯಿಂದ ಕೆಂಪು ಬಸ್ಸು ಬಂದು ಎದುರು ನಿಂತಿತು. ಔರಂಗಾಬಾದಿಗೆ ಹೋಗುವ ಬಸ್ಸು. ಜನ ಇಳಿದರು, ಹತ್ತಿದರು. ಕಂಡಕ್ಟರು ಬಾಗಿಲಲ್ಲಿ ನಿಂತು ಅವಳನ್ನು ನೋಡಿದ. ರೇಷ್ಮೆ ಸೀರೆಯ ಹೆಂಗಸು, ರಸ್ತೆಯಂಚಿನಲ್ಲಿ ಒಂದು ಕಾಲು ಮುಂದಿಟ್ಟು ನಿಂತವಳು.

"ಔರಂಗಾಬಾದ್? ಬನ್ನಿ, ಮಾವಶಿ, ಜಾಗ ಇದೆ."

ಅವನು ಗಂಟೆಯ ಹಗ್ಗ ಎಳೆಯಲಿಲ್ಲ, ಕಾದ. ಒಳಗೆ ಕಿಟಕಿಯ ಬಳಿ ಒಂದು ಸೀಟು ಖಾಲಿ ಇದ್ದದ್ದು ಅವಳಿಗೆ ಇಲ್ಲಿಂದಲೇ ಕಾಣುತ್ತಿತ್ತು. ಹತ್ತು ಹೆಜ್ಜೆಯೂ ಇಲ್ಲ. ಔರಂಗಾಬಾದಿನಲ್ಲಿ ಇಳಿದು ನಾಶಿಕ್ ಬಸ್ಸು ಹತ್ತಿದರೆ ರಾತ್ರಿಯ ಹೊತ್ತಿಗೆ ಮನೆ. ಬೀಗ. ದೀಪದ ಗುಂಡಿ. ಟಿವಿ. ಕೊರಳಲ್ಲಿ ಬೋರಮಾಳ ಇರುತ್ತದೆ. ಮತ್ತೆ ಲಾಕರಿಗೆ. ಮುಂದಿನ ಭಾನುವಾರ ಎರಡು ಬಸಿ ಮಿಕ್ಕುತ್ತವೆ.

ಬಸ್ಸು ಹತ್ತಿದರೆ ಅವರು ಸುಳ್ಳಾಗುತ್ತಾರೆ. ಹತ್ತದಿದ್ದರೆ ಇನ್ನೂ ಸ್ವಲ್ಪ ಹೊತ್ತು ನಿಜವಾಗಿ ಉಳಿಯುತ್ತಾರೆ. ಮತ್ತು ಒಂದು ವೇಳೆ ರುಚಿತಾ ಎಂಬವಳು ಇದ್ದೇಬಿಟ್ಟರೆ? ಮಣೆಯ ಮೇಲೆ ಹಸಿರು ಬಳೆ ತೊಟ್ಟು ಕುಳಿತು, ಅತ್ತಿ ಯಾಕೆ ಬರಲಿಲ್ಲ ಎಂದು ಬಾಗಿಲು ನೋಡುತ್ತಿದ್ದರೆ?

ಇಷ್ಟು ವರ್ಷ ಜನರ ಮನೆಬಾಗಿಲಲ್ಲಿ ನಿಂತು ಲೆಕ್ಕ ಕೇಳಿದವಳು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡಳು. ಕೇಳಿ, ಕಾಯಲಿಲ್ಲ.

"ನಾಹೀ" ಎಂದಳು ಕಂಡಕ್ಟರಿಗೆ. "ನಮ್ಮವರು ಇದ್ದಾರೆ."

ಅವನು ಕಾರಿನ ಕಡೆ ನೋಡಿದ, ಅವಳ ಕಡೆ ನೋಡಿದ, ಒಳ್ಳೆಯದು ಎನ್ನುವಂತೆ ತಲೆಯಾಡಿಸಿ ಹಗ್ಗ ಎಳೆದ.

ಅವಳು ಹಿಂದಿರುಗುವಾಗ ಅಲಕಾ ಕೆಳಗಿಳಿದು ಬಾಗಿಲು ತೆರೆದು ಹಿಡಿದಿದ್ದಳು. ಸೆರಗು ಸಿಕ್ಕದಂತೆ ಒಳಗೆ ಸೇರಿಸಿ ಬಾಗಿಲು ಹಾಕಿದಳು. ಅಷ್ಟು ಜೋಪಾನವಾಗಿ ಅವಳನ್ನು ಯಾರೂ ಕಾರಿನಲ್ಲಿ ಕೂರಿಸಿರಲಿಲ್ಲ.

ಘಾಟಿನ ತಿರುವಿನಲ್ಲಿ, ಹಳೆಯ ಕಲ್ಲುಗೋಡೆಯ ಪಕ್ಕ, ಒಂದು ಆಲದ ನೆರಳಿಗೆ ಮಧುಕರ ಕಾರು ತಂದು ನಿಲ್ಲಿಸಿದ. ಅಲ್ಲಿ ಅಂಗಡಿಯಿರಲಿಲ್ಲ. ಕೆಳಗೆ ಬಯಲು, ಬಿಸಿಲು, ದೂರದಲ್ಲಿ ಆಟಿಕೆಯಷ್ಟಾದ ಕೆಂಪು ಬಸ್ಸು ಇಳಿಯುತ್ತ ಹೋಗುತ್ತಿತ್ತು.

"ಊಟ ಮಾಡ್ರಿ ಅಕ್ಕಾ" ಎಂದಳು ಅಲಕಾ. ಕಾಲಬಳಿಯ ಚೀಲದಿಂದ ಡಬ್ಬಿ ತೆಗೆದಳು.

ಒಂದೇ ಡಬ್ಬಿ.

"ನಿಮಗ?"

"ನಮಗಿಬ್ಬರಿಗೂ ಶನಿವಾರದ ಉಪಾಸ ರಿ."

ಮಧುಕರ ಹೌದೆನ್ನುತ್ತ ತಲೆಯಾಡಿಸಿದ. ಅವನ ಮೀಸೆಯ ತುದಿಯಲ್ಲಿ ಯೇವಲಾದ ಭಜಿಯ ಒಂದು ಚೂರು ಇನ್ನೂ ಅಂಟಿಕೊಂಡಿತ್ತು. ಭಾಗ್ಯಶ್ರೀ ಅದನ್ನು ನೋಡಿದಳು. ಹೇಳಬೇಕು, ಒರೆಸಿಕೊಳ್ರಿ ಎನ್ನಬೇಕು ಎನ್ನಿಸಿತು. ಮನೆಯವರಾದರೆ ಹೇಳುತ್ತಾರೆ. ಅವಳು ಹೇಳಲಿಲ್ಲ.

ಅಲಕಾಳ ತೊಡೆಯ ಮೇಲೆ ಭಾಗ್ಯಶ್ರೀಯ ಫೋನು ಒಮ್ಮೆ ಬೆಳಗಿತು, ಸದ್ದಿಲ್ಲದೆ, ಮತ್ತೆ ಆರಿತು.

ಅಲಕಾ ಮುಚ್ಚಳ ತೆಗೆದಳು. ತೆಳ್ಳಗಿನ ಜೋಳದ ರೊಟ್ಟಿ, ನಾಲ್ಕು ಮಡಿಕೆ. ಪಕ್ಕದಲ್ಲಿ ಕರ್ರಗೆ ಗುರೆಳ್ಳು ಹಿಂಡಿ, ನಡುವೆ ಗುಳಿ ಮಾಡಿ ಎಣ್ಣೆ. ಅವ್ವ ಮಾಡುತ್ತಿದ್ದ ಹಾಗೆಯೇ ಗುಳಿ. ಅದನ್ನೂ ಅವಳೇ ಎಂದೋ ಹೇಳಿರಬೇಕು.

ವಾಸನೆ ಕಾರನ್ನು ತುಂಬಿತು. ಭಾಗ್ಯಶ್ರೀ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು. ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಅದರ ಕೆಳಗೆ ಇನ್ನೊಂದು ಏನೋ, ತೀರ ಸಣ್ಣದು. ಸುಟ್ಟದ್ದೋ, ಹದಕ್ಕೆ ಬಂದದ್ದೋ, ಬೆರೆಸಿದ್ದೋ. ಇನ್ನೊಮ್ಮೆ ಎಳೆದುಕೊಂಡಳು. ತಿಳಿಯಲಿಲ್ಲ.

ಕಣ್ಣು ಬಿಟ್ಟಾಗ ಅಲಕಾ ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಮುಂದಿನ ಸೀಟುಗಳ ನಡುವಿನಿಂದ ಅವಳ ಕಡೆಗೆ ಬಗ್ಗಿದ್ದಳು. ಮುಖದಲ್ಲಿ ಹೊಸಬರ ಮನೆಗೆ ಬಂದವರ ಸಣ್ಣ ನಾಚಿಕೆಯಿತ್ತು.

ಭಾಗ್ಯಶ್ರೀಯ ಕೈ ತನ್ನಷ್ಟಕ್ಕೆ ಸೆರಗಿನ ತುದಿ ಹಿಡಿಯಿತು. ಮಡಿಲ ಮೇಲೆ ಹರವಿ ಒಡ್ಡಿತು. ಅಲಕಾ ಡಬ್ಬಿಯನ್ನು ಸದ್ದಾಗದಂತೆ ಅದರಲ್ಲಿ ಇಟ್ಟಳು.